ಹಡಗಿನವರ ಹೆಸರುಗಳು

ಯುದ್ಧ ಮುಗಿದರೂ ಒಳ್ಳೆಯ ಚಿಮಣಿ ಎಣ್ಣೆ ಸಿಗುತ್ತಿಲ್ಲ. ಇಂದು ಬೆಳಿಗ್ಗೆ ಕಂದೀಲಿನ ಗಾಜು ಒರೆಸುವಾಗ ಕೈಯೆಲ್ಲ ಮಸಿಯಾಯಿತು. ಆ ಮಸಿಯ ವಾಸನೆಗೆ, ಪುಣೆಯ ಈ ವಾಡೆಯಲ್ಲೇ ನಮ್ಮ ಮೇಲಿನ ಖೋಲಿಯಲ್ಲಿದ್ದ ಮಾಸ್ತರರು ನೆನಪಾದರು.

ಧಾರವಾಡದ ಕಡೆಯವರು, ಒಂಟಿ ಜೀವ. ಹುಚ್ಚು ಮಾತ್ರ ಕಡಲಿನದು. ಸೂಟಿ ಬಂತೆಂದರೆ ಕರಾವಳಿಗೆ ಹೋಗಿ, ಶಾಸನದ ಕಲ್ಲಿನ ಮೇಲೆ ಒದ್ದೆ ಕಾಗದ ಬಡಿದು, ಮಸಿ ಒತ್ತಿ ಅಕ್ಷರಗಳ ಅಚ್ಚು ತರುವರು.

ಒಂದು ಮಧ್ಯಾಹ್ನ ಅಂಥದೊಂದು ಕಾಗದವನ್ನು ನನ್ನೆದುರು ಬಿಚ್ಚಿದರು. ಐದಾರು ನೂರು ವರ್ಷದ ಹಿಂದೆ ಆ ಕಲ್ಲಿರುವ ಊರಲ್ಲಿ, ನದಿ ಕಡಲು ಸೇರುವಲ್ಲಿ ದೊಡ್ಡ ಬಂದರಿತ್ತಂತೆ. ಅರಬರ ಕುದುರೆ ಇಳಿದು, ನಮ್ಮ ಮೆಣಸು ಹಡಗೇರಿ, ಪೇಟೆ ಬೆಳೆದು ಏಳು ಕೇರಿಯಾಗಿತ್ತಂತೆ. ನದಿಯಲ್ಲಿ ಹೂಳು ತುಂಬಿತು, ಹಡಗು ಬರುವುದು ನಿಂತಿತು, ಊರೂ ಹೋಯಿತು. ಬಂದರು ನಡೆಯುತ್ತಿದ್ದ ಕಾಲಕ್ಕೆ ಹಡಗಿನ ಒಡೆಯರು ಕೂಡಿ ಊರಿಗೊಂದು ಬಾವಿ ತೋಡಿಸಿದ್ದರು. ಅವರ ಹೆಸರುಗಳು ಆ ಕಲ್ಲಿನಲ್ಲಿದ್ದವು. ಮಾಸ್ತರರು ಒಂದೊಂದನ್ನೂ ಬೆರಳಿಟ್ಟು ಓದಿದರು.

"ಇವರ ಹೆಸರು ಮತ್ತೆಲ್ಲೂ ಉಳಿದಿಲ್ರಿ, ವೈನಿ," ಎಂದರು; ನನ್ನನ್ನು ಅತ್ತಿಗೆಯೆಂದೇ ಕರೆಯುತ್ತಿದ್ದರು. ನಾನು ಅಕ್ಕಿ ಆರಿಸುತ್ತ ಹೂಂ ಅಂದೆ...

ಆ ಮಳೆಗಾಲ ಕಾಗದಕ್ಕೆ ಬೂಸರು ಹಿಡಿಯಿತು. ಬಿಸಿಲು ಕಂಡ ದಿನ ಅದನ್ನು ಅಂಗಳದ ಗಳದ ಮೇಲೆ ಹರವಿ ಶಾಲೆಗೆ ಹೋದರು. ಅದು ನನ್ನ ಮಡಿ ಸೀರೆಯ ಗಳ. ಅಂದು ಮಾವನವರ ಶ್ರಾದ್ಧ. ಸ್ನಾನ ಮಾಡಿ ಬಂದು ನೋಡಿದರೆ ಕಾಗದ ಇನ್ನೇನು ಸೀರೆಗೆ ತಾಗುವಂತಿತ್ತು. ಸಿಟ್ಟು ನೆತ್ತಿಗೇರಿತು. ಕೋಲಿನಿಂದ ತಳ್ಳಿದೆ. ಅದು ಜಾರಿ ಕೆಳಗಿನ ನೀರಿನ ಹೌದಿನಲ್ಲಿ ಬಿತ್ತು.

ಕೈ ಹಾಕಿ ತೆಗೆಯಬಹುದಿತ್ತು. ಮುಟ್ಟಿದರೆ ಮೈಲಿಗೆ, ಮತ್ತೆ ಸ್ನಾನ. ಬ್ರಾಹ್ಮಣರು ಬರುವ ಹೊತ್ತು ಬೇರೆ. ಕಾಗದ ತೇಲುವುದನ್ನು ನಿಂತು ನೋಡಿದೆ. ಆಮೇಲೆ ಒಳಗೆ ಹೋಗಿ ಒಲೆ ಹಚ್ಚಿದೆ.

ಸಂಜೆ ಮಾಸ್ತರರು ಆ ಮುದ್ದೆಯನ್ನು ಎತ್ತಿದಾಗ ನೀರು ಕರ್ರಗಾಗಿತ್ತು. ಗಾಳಿಗೆ ಬಿದ್ದಿರಬೇಕು ಎಂದೆ.

"ಇರ್ಲಿ ಬಿಡ್ರಿ. ಕಲ್ಲು ಎಲ್ಲಿ ಹೋಗ್ತದ?" ಎಂದು ನನಗೇ ಸಮಾಧಾನ ಹೇಳಿದರು.

ದೀಪಾವಳಿ ಸೂಟಿಗೆ ಮತ್ತೆ ಅಚ್ಚು ತರಲು ಹೋದರು. ಯಾವನೋ ಗುತ್ತಿಗೆದಾರ ದೋಣಿ ನಿಲ್ಲುವ ಹೊಸ ಧಕ್ಕೆ ಕಟ್ಟಲು ಆ ಕಲ್ಲನ್ನು ಒಡೆದು ಹಾಕಿದ್ದ. ತಿರುಗಿ ಬಂದು ಅಷ್ಟನ್ನೇ ಹೇಳಿ ಮೇಲೆ ಹತ್ತಿದರು. ಮುಂದೆ ಯಾವ ಸೂಟಿಗೂ ಕಾಗದ ಕಟ್ಟಿಕೊಂಡು ಹೊರಡಲಿಲ್ಲ. ಅವರು ತೀರಿಕೊಳ್ಳುವವರೆಗೂ ನಾನು ನಿಜ ಹೇಳಲಿಲ್ಲ...

ಕೈ ತೊಳೆದು ಕೂತಿದ್ದೇನೆ. ಅಳು ಬರುವುದಿಲ್ಲ. ಅಂದಿನ ಅಡುಗೆ ಪೂರ್ತಿ ನೆನಪಿದೆ: ಪಾಯಸ, ವಡೆ, ಎಳ್ಳುಂಡೆ, ಬಾಳೆಕಾಯಿ ಪಲ್ಯ. ಮಾಸ್ತರರು ಬೆರಳಿಟ್ಟು ಓದಿದ ಹೆಸರುಗಳಲ್ಲಿ ಒಂದೂ ನೆನಪಿಲ್ಲ.