ಕರೆಯದ ಮನೆಗೆ ಹೋಗದವರು

ಯೇಸುವಿನ ಮಾತು ಸಾರುತ್ತ ಊರೂರು ತಿರುಗುತ್ತಿದ್ದ ಸುವಾರ್ತೆಯವರ ಎರಡೂ ಕಿವಿಗಳಲ್ಲಿ ಹಿಂದೆ ಕಡಕು ಹಾಕುತ್ತಿದ್ದ ತೂತುಗಳು ಹಾಗೇ ಇದ್ದವು. ಬಿಸಿಲಿಗೆ ನಿಂತರೆ ಅವುಗಳೊಳಗಿಂದ ಬೆಳಕು ಕಾಣುತ್ತಿತ್ತು. ಮಾರಿಕಣಿವೆಯ ನೀರಿನಲ್ಲಿ ಮುಳುಗಿ ದೀಕ್ಷಾಸ್ನಾನ ತೆಗೆದುಕೊಂಡ ದಿನವೇ ಬಂಗಾರ ಬಿಟ್ಟರಂತೆ. ಅದಕ್ಕೂ ಮುಂಚೆ ಅವರು ನಮ್ಮ ಹಾಗೆ ಕುರಿ ಕಾಯುವ ಮನೆಯವರೇ, ಹೊಸದುರ್ಗದ ಕಡೆಯವರು.

ಎಪ್ಪತ್ತರ ದಶಕದ ಶುರುವಿನ ಮಾತು. ಹಿರಿಯೂರು ತಾಲ್ಲೂಕಿನ ಹಳ್ಳಿಗೆ ನಾನು ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಹೊಳಲ್ಕೆರೆ, ಹೊಸದುರ್ಗ ಸುತ್ತಿಕೊಂಡು ತಿಂಗಳಿಗೊಮ್ಮೆ ಅವರು ಬರುತ್ತಿದ್ದರು, ಬಸ್ಸಿಳಿದು ಮೂರು ಮೈಲಿ ನಡೆದು. ಕೊರಳ ಗುಂಡಿಯನ್ನೂ ಬಿಡದೆ ಹಾಕಿದ ಬಿಳಿ ಅಂಗಿ, ಬಗಲಲ್ಲಿ ಬಟ್ಟೆಚೀಲ, ಅದರಲ್ಲಿ ಸತ್ಯವೇದ ಮತ್ತೊಂದು ಕಂಜರ. ಬೇವಿನ ಮರದಡಿ ಕಂಜರ ಬಾರಿಸಿ ಹಾಡಿದರೆ ಹುಡುಗರು ಸೇರುತ್ತಿದ್ದರು. ಬಸ್ಸು ತಪ್ಪಿದರೂ ದೇವರಿಗೆ "ಸ್ತೋತ್ರ", ನಾಯಿ ಅಟ್ಟಿಸಿಕೊಂಡು ಬಂದರೂ "ಸ್ತೋತ್ರ".

"ನಾಯಿ ಕಚ್ಚೇಬಿಟ್ರೆ ಏನಂತೀರಿ?" ಎಂದು ಯಾರೋ ಕೆಣಕಿದರು.

"ಮೊದ್ಲು ಅಯ್ಯಯ್ಯೋ ಅಂತೀನಿ ಕಣಪ್ಪ. ಆಮೇಲೆ ಸ್ತೋತ್ರ."

ಅವರಿಗೊಂದು ನೇಮವಿತ್ತು. ಕರೆಯದೆ ಯಾರ ಹೊಸ್ತಿಲನ್ನೂ ದಾಟುತ್ತಿರಲಿಲ್ಲ. ನೀರು ಬೇಕಾದರೂ ಅಂಗಳದಲ್ಲೇ ನಿಂತು ಕೇಳುತ್ತಿದ್ದರು.

ಆ ಬೇಸಿಗೆ ನನ್ನ ವರ್ಷದ ಮಗಳಿಗೆ ಜ್ವರ ಬಂತು. ಗಂಡ ಕುರಿ ಹೊಡೆದುಕೊಂಡು ದೂರ ಹೋಗಿದ್ದರು, ಅತ್ತೆ ಸಂತೆಗೆ ಹೋಗಿದ್ದರು. ಮಗು ಕಣ್ಣು ಮೇಲೆ ಮಾಡಿತು. ಅವತ್ತು ಸುವಾರ್ತೆಯವರು ಊರಿಗೆ ಬಂದಿದ್ದರು; ನಾನು ಬೇವಿನ ಮರದಡಿಗೆ ಓಡಿದೆ.

"ಬರ್ರಿ, ಒಳಗೆ ಬರ್ರಿ, ಮಗೀಗೆ ಏನೋ ಆಗ್ತೈತೆ!"

"ಮನೇಲಿ ಎಣ್ಣೆ ಐತೇನವ್ವ?" ಎಂದರು. ನಮ್ಮ ಶೇಂಗಾ ಎಣ್ಣೆಯನ್ನೇ ಮಗುವಿನ ಹಣೆಗೆ ಹಚ್ಚಿ, ಪಕ್ಕದಲ್ಲಿ ಮೊಣಕಾಲೂರಿದರು. ನಾನು ಒದ್ದೆ ಬಟ್ಟೆ ಬದಲಾಯಿಸುತ್ತಲೇ ಇದ್ದೆ. ಹೊತ್ತು ಇಳಿಯುವಾಗ ಮೈ ಬೆವರಿ, ಮಗು ಹಾಲಿಗೆ ಅತ್ತಿತು. ಪ್ರಾರ್ಥನೆಯಿಂದಲೋ ಒದ್ದೆ ಬಟ್ಟೆಯಿಂದಲೋ ನನಗೆ ತಿಳಿಯದು. ಅಷ್ಟು ಹೊತ್ತೂ ಆ ಮನುಷ್ಯ ಮೊಣಕಾಲೆತ್ತಲಿಲ್ಲ.

ಅಷ್ಟರಲ್ಲಿ ಅತ್ತೆ ಬಂದರು. ಗಂಡಸರಿಲ್ಲದ ಮನೆ, ನಡುಮನೆಯಲ್ಲಿ ಕುಲದೇವರನ್ನು ಬಿಟ್ಟ ಪರಗಂಡಸು. ಅವರು ಕೂಗಿದ ಕೂಗಿಗೆ ಊರೇ ಸೇರಿತು. ಊರ ಯಜಮಾನರು ಕಂಬಳಿ ಹಾಸಿಸಿದರು. ನಮ್ಮಲ್ಲಿ ಕಂಬಳಿ ಮುಟ್ಟಿ ಆಡಿದ ಮಾತು ದೇವರ ಮುಂದೆ ಆಡಿದ ಹಾಗೆ.

"ಮುಟ್ಟಿ ಹೇಳವ್ವ. ನೀನು ಕರೆದ್ಯಾ, ಅವನೇ ನುಗ್ಗಿದ್ನಾ?"

ಅತ್ತೆ ನನ್ನ ಕಿವಿಯ ಹತ್ತಿರ ಬಂದು, "ಕರೆದೆ ಅಂದ್ಯೋ, ತವರಿಗೆ ಗಂಟು ಕಟ್ಟು. ಕೂಸು ಇಲ್ಲೇ ಇರ್ತೈತೆ" ಎಂದರು.

ನಾನು ಕಂಬಳಿ ಮುಟ್ಟಿ, "ಅವರೇ ಬಂದ್ರು" ಎಂದೆ.

"ಏನಲೇ, ನೀನೇನಂತಿ?" ಎಂದು ಯಜಮಾನರು ಅವರನ್ನು ಕೇಳಿದರು.

ಕಂಬಳಿ ಎಂದರೇನು ಎಂಬುದು ಆ ಸಭೆಯಲ್ಲಿದ್ದ ಯಾರಿಗಿಂತಲೂ ಅವರಿಗೆ ಕಡಿಮೆ ಗೊತ್ತಿರಲಿಲ್ಲ. ನನ್ನ ಕಡೆ ನೋಡಲಿಲ್ಲ. "ಆ ತಾಯಿ ಹೇಳ್ಯಾಗೈತಲ್ಲ" ಎಂದರು, ಅಷ್ಟೇ. ಕಪಾಳಕ್ಕೆ ಏಟು ಬಿದ್ದವು. ಕಂಜರದ ತೊಗಲು ಹರಿದರು. ಈಗ ಸ್ತೋತ್ರ ಅನ್ನುತ್ತಾರೆಂದು ಹುಡುಗರು ಕಾದರು. ಅನ್ನಲಿಲ್ಲ. ಚೀಲ ಎತ್ತಿಕೊಂಡು ನಡೆದರು. ಮತ್ತೆ ನಮ್ಮೂರಿಗೆ ಬರಲಿಲ್ಲ.

ನಾಲ್ಕು ವರ್ಷದ ಮೇಲೆ, ಅವರು ಚಿತ್ರದುರ್ಗದಲ್ಲಿ ತೀರಿಕೊಂಡರೆಂದು ಬಸ್ಸಿನಲ್ಲಿ ಯಾರೋ ಮಾತಾಡಿಕೊಂಡರು. ಮಗಳ ಕಣ್ಣು ತೋರಿಸಬೇಕೆಂದು ಮನೆಯಲ್ಲಿ ಸುಳ್ಳು ಹೇಳಿ ಹೋದೆ. ಅವರನ್ನು ಮಣ್ಣು ಮಾಡಿ ವಾರವಾಗಿತ್ತು. ಹೆಂಡತಿ ಚಾಪೆ ಹಾಸಿ, "ಕುಂತ್ಕಳ್ರಿ" ಎಂದರು. ಯಾವೂರು ಎಂದು ಕೇಳಿದರು. ಹೇಳಿದೆ.

"ಅಯ್ಯೋ, ಇವ್ರು ಕರೀದೇ ಒಳಗೆ ಹೋಗಿ ಏಟು ತಿಂದ ಊರಾ? ನಮ್ಮ ಚರ್ಚಿನ ಸಭೆಯೋರೆಲ್ಲ ಬೈದ್ರವ್ವ. ನಾನೂ ಬಾಯಿಗೆ ಬಂದಂಗೆ ಬೈದೆ. 'ನಂದೇ ತಪ್ಪು ಕಣೆ' ಅಂದ್ರು. ಸಾಯೋಗಂಟ ಅದೇ ಮಾತು."

ಅಲ್ಲಿ ಅತ್ತೆ ಇರಲಿಲ್ಲ, ಯಜಮಾನರಿರಲಿಲ್ಲ. ಮಗಳು ನನ್ನ ತೊಡೆಯ ಮೇಲೆ ಕೂತು ಕಾಲಾಡಿಸುತ್ತಿದ್ದಳು. ಆ ತಾಯಿ ಕೊಟ್ಟ ಬೆಲ್ಲದ ಕಾಫಿ ಕುಡಿದೆ, ಲೋಟ ತೊಳೆದಿಟ್ಟೆ, ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಬಂದೆ.