ಹತ್ತಿರ ಎಂದರೆ ಎಷ್ಟು ಹತ್ತಿರ

ಬೀದಿಯವರೆಲ್ಲ ಆಕೆಯನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ಸೈಕಲ್ ರಿಪೇರಿ ಮಾಡುವ ಗಂಡ ಎಲ್ಲರಿಗೂ ಅಣ್ಣನಾದ ಮೇಲೆ ಹೆಂಡತಿ ಅತ್ತಿಗೆಯಾಗದೆ ಇನ್ನೇನಾದಾಳು? ಮನೆಯ ಮುಂದಿನ ಕೋಣೆಯೇ ಅಂಗಡಿ. ಅಡುಗೆಮನೆಗೂ ಅದಕ್ಕೂ ನಡುವೆ ಒಂದು ಬಟ್ಟೆಯ ಪರದೆ. ಆ ಪರದೆಗೂ ಗ್ರೀಸಿನ ಕಲೆ.

ಅಣ್ಣನ ಕಣ್ಣು ಒಮ್ಮೆಲೇ ಹೋದದ್ದಲ್ಲ. ಮೊದಲು ನೋಟದ ಅಂಚು ಮಸುಕಾಯಿತು, ಬರಬರುತ್ತ ನಡುವೂ ಕವಿದುಕೊಂಡಿತು. ಕಣ್ಣಿನ ನರ ಒಣಗಿದೆ, ಇನ್ನು ಮಾಡುವಂಥದ್ದೇನೂ ಇಲ್ಲ ಎಂದು ಡಾಕ್ಟರು ಮೆಲ್ಲಗೆ ಹೇಳಿ ಕಳಿಸಿದರು. ಅಂದಿನಿಂದ ಅಣ್ಣ ಅಂಗಡಿಯ ಬಾಗಿಲನ್ನು ಅರ್ಧಕ್ಕೆ ಎಳೆದು, ಸ್ಟೂಲಿನ ಮೇಲೆ ಕೈಕಟ್ಟಿ ಕುಳಿತುಬಿಟ್ಟ. ಅವನ ತಂಗಿ ಬಂದಾಗಲೆಲ್ಲ ಕೈಗೆ ಲೋಟ ಹಿಡಿಸುತ್ತಿದ್ದಳು, ಕಾಲಿಗೆ ಚಪ್ಪಲಿ ಸೇರಿಸುತ್ತಿದ್ದಳು. ಅತ್ತಿಗೆ ಹಾಗೆ ಮಾಡಲಿಲ್ಲ. ನೋಡಿದವರು ಕಲ್ಲೆದೆಯವಳು ಎಂದು ಮೂಗು ಮುರಿದರು. ಆಕೆ ಕಿವಿಗೆ ಹಾಕಿಕೊಳ್ಳಲಿಲ್ಲ. ಟೀ ತಂದು ಮೇಜಿನ ಮೇಲಿಟ್ಟು, "ತಗೊಳ್ಳಿ, ಅಲ್ಲೇ ನಿಮ್ಮ ಹತ್ರಾನೇ ಇದೆ," ಎಂದಳು.

ಅಣ್ಣ ಕೈ ಚಾಚಿದ. ಲೋಟ ಉರುಳಿತು.

"ಹತ್ರ ಅಂದ್ರೆ ಎಷ್ಟು ಹತ್ರಾನೇ?" ಎಂದು ರೇಗಿದ. "ಬಸ್ ಸ್ಟ್ಯಾಂಡೂ ನಿನಗೆ ಹತ್ರ, ನನ್ನ ಮೂಗೂ ಹತ್ರ. ಕಣ್ಣಿಲ್ಲದೋನು ಆ ಮಾತು ಇಟ್ಕೊಂಡು ಏನು ಮಾಡ್ಲಿ?"

ಚೆಲ್ಲಿದ ಟೀ ಒರೆಸುತ್ತ ಅತ್ತಿಗೆ ಆ ಮಾತನ್ನು ಮನಸ್ಸಿಗೆ ಹಾಕಿಕೊಂಡಳು. ಅವನು ಸಿಟ್ಟಿನಲ್ಲಿ ಹೇಳಿದ್ದರೂ ಸರಿಯಾಗಿಯೇ ಹೇಳಿದ್ದ. ಕಣ್ಣಿದ್ದವರು ಹತ್ತಿರ ಎಂದು ಹೇಳಿ ಉಳಿದದ್ದನ್ನು ಕಣ್ಣಿಗೇ ಬಿಟ್ಟುಬಿಡುತ್ತಾರೆ.

ಮರುದಿನದಿಂದ ಆಕೆ ಅಕ್ಕಿಯಲ್ಲಿ ಕಲ್ಲು ಆರಿಸುವವರ ಹಾಗೆ ಮಾತುಗಳನ್ನು ಆರಿಸತೊಡಗಿದಳು. ಒಂದಕ್ಕೊಂದು ತಾಕಿಕೊಂಡಿದ್ದರೆ 'ಒತ್ತಿಗೆ'. ನಡುವೆ ಅಂಗೈ ಅಗಲದ ಜಾಗವಿದ್ದರೆ 'ಪಕ್ಕಕ್ಕೆ'. ಕುಳಿತಲ್ಲಿಂದಲೇ ತೋಳು ನೀಡಿ ಮುಟ್ಟುವಂತಿದ್ದರೆ 'ಕೈಯಳತೆ'. ಎದ್ದು ಹೋಗಲೇಬೇಕು ಎನ್ನುವಂತಿದ್ದರೆ 'ಆಸುಪಾಸು'.

"ಮತ್ತೆ ಸಮೀಪ?" ಎಂದು ಅಣ್ಣ ಕೇಳಿದ. ಎಷ್ಟೋ ದಿನಗಳ ಮೇಲೆ ಅವನ ದನಿಯಲ್ಲಿ ತಮಾಷೆ ಇಣುಕಿತ್ತು.

"ಅದು ರೇಡಿಯೋದವರಿಗಿರ್ಲಿ."

"ಸನಿಹ?"

"ಅದು ಹಾಡು ಹೇಳೋರಿಗೆ. ಮದುವೆ ಆದ ಹೊಸದರಲ್ಲಿ ಹೇಳಿದ್ರೆ ಕೇಳ್ತಿದ್ದೆ. ಈಗ ಸ್ಪ್ಯಾನರ್ ತಗೊಳ್ಳಿ, ಎಣ್ಣೆ ಡಬ್ಬದ ಒತ್ತಿಗಿದೆ."

ಹತ್ತಿರ ಎಂಬ ಮಾತಿಗೆ ಆ ಮನೆಯಲ್ಲಿ ಜಾಗವಿಲ್ಲವಾಯಿತು. ಒಂದೊಂದು ಸಾಮಾನಿಗೂ ಒಂದು ನೆಲೆ, ಒಂದು ಮಾತು. ಅಣ್ಣ ಮತ್ತೆ ಪಂಕ್ಚರ್ ಹಾಕಿದ, ಚೈನ್ ಬಿಗಿದ, ಬ್ರೇಕ್ ಸರಿಮಾಡಿದ. ಬಾಗಿಲು ಪೂರ್ತಿ ತೆರೆಯಿತು.

ಒಂದು ಕೆಲಸಕ್ಕೆ ಮಾತ್ರ ಅವನು ಕೈಹಾಕಲಿಲ್ಲ: ಚಕ್ರದ ಬೆಂಡು ತೆಗೆಯುವುದು. ಸೊಟ್ಟಗಾದ ಚಕ್ರದ ಕಡ್ಡಿಗಳನ್ನು ಬಿಗಿದು, ಸಡಿಲಿಸಿ ನೆಟ್ಟಗೆ ಮಾಡುವುದರಲ್ಲೇ ಅವನಿಗೆ ಹೆಸರು ಬಂದದ್ದು. ಅಷ್ಟರಲ್ಲಿ ಎದುರಿನ ದಿನಸಿ ಅಂಗಡಿಯವನು ಈ ರಿಪೇರಿ ಕೋಣೆಯನ್ನು ತನ್ನ ಗೋದಾಮಿಗೆ ಬಾಡಿಗೆಗೆ ಕೇಳಿದ. ಆ ಹೊತ್ತಿಗೇ ಹಾಲಿನವನೂ ಬಂದ.

"ಹಿಂದಿನ ಚಕ್ರ ಹಾವಿನ ಥರ ಹೊರಳ್ತಿದೆ ಅಣ್ಣ. ಹಾಲು ಮನೆ ಮುಟ್ಟೋಷ್ಟರಲ್ಲಿ ಬೆಣ್ಣೆ ಆಗಿರತ್ತೆ. ನಾಳೆ ಬೆಳಿಗ್ಗೆ ತರ್ಲಾ?"

"ತಗೊಂಬಾ," ಎಂದ ಅಣ್ಣ. ಅವನು ಹೋದ ಮೇಲೆ ಹೆಂಡತಿಗೆ ಹೇಳಿದ: "ನಾಳೆ ಇದು ಕೈಗೆ ಹತ್ತಿದ್ರೆ ಅಂಗಡಿ ಉಳೀತು. ಹತ್ತಲಿಲ್ವಾ, ದಿನಸಿಯವನಿಗೆ ಕೋಣೆ ಕೊಟ್ಬಿಡ್ತೀನಿ. ಬೆಂಡು ತೆಗಿಯೋಕಾಗದೋನು ರಿಪೇರಿಯವನು ಅಂತ ಹೇಳ್ಕೋಬಾರ್ದು."

ಅತ್ತಿಗೆ ಹೂಂ ಎಂದಳು.

ಆ ದಿನ ನಾದಿನಿಯೂ ಬಂದು ಉಳಿದುಕೊಂಡಿದ್ದಳು. ಅಣ್ಣ ಒಂದೊಂದು ಸಾಮಾನಿಗೂ ಕಿಟಕಿಯವರೆಗೆ ತೋಳು ಚಾಚುವುದನ್ನು ಕಂಡು ಅವಳ ಕರುಳು ಚುರ್ ಎಂದಿತ್ತು. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು, ಅಂಗಡಿ ಗುಡಿಸಿ, ಇದ್ದಬದ್ದ ಸಾಮಾನನ್ನೆಲ್ಲ ತಂದು ಅವನ ಸ್ಟೂಲಿನ ಸುತ್ತ ಚೆಂದವಾಗಿ ಜೋಡಿಸಿಟ್ಟಳು.

ಹಾಲಿನವನು ಬಂದ. ಅಣ್ಣ ಚಕ್ರ ಬಿಚ್ಚಿಸಿ, ಸ್ಟ್ಯಾಂಡಿಗೆ ಏರಿಸಿಕೊಂಡು, ಕಡ್ಡಿ ಬಿಗಿಯುವ ಕೀಗಾಗಿ ಕಿಟಕಿಯತ್ತ ಕೈ ನೀಡಿದ. ಬರಿಯ ಗೋಡೆ ತಾಕಿತು. ಇತ್ತ ತಿರುಗಿದ, ಮೊಣಕೈ ತಗುಲಿ ಬೇರಿಂಗಿನ ಡಬ್ಬ ಮಗುಚಿ, ಗುಂಡುಗಳು ನೆಲದ ತುಂಬ ಹರಿದುಹೋದವು. ಪಾದ ಎಲ್ಲಿ ಊರಿದರೂ ಏನೋ ಒಂದು ಅಡ್ಡ.

"ಯಾರು ಮುಟ್ಟಿದ್ದು?"

"ನಾನೇ ಅಣ್ಣ," ಎಂದಳು ತಂಗಿ. "ಎಲ್ಲಾ ನಿನಗೆ ಹತ್ರದಲ್ಲಿರ್ಲಿ ಅಂತ..." ಮುಂದಿನ ಮಾತು ಅಳುವಿನಲ್ಲಿ ಮುಳುಗಿತು.

"ಸಾಕು. ದಿನಸಿಯವನಿಗೆ ಹೇಳ್ಕಳಿಸು," ಎಂದು ಅಣ್ಣ ಹೆಂಡತಿಯ ಕಡೆ ಮುಖ ಮಾಡಿ ಹೇಳಿ, ಸ್ಟೂಲಿನ ಮೇಲೆ ಕುಸಿದ.

ಅತ್ತಿಗೆ ನಾದಿನಿಯ ಬೆನ್ನು ಸವರಿದಳು. "ಅಳಬೇಡ ಕಣೇ. ಪ್ರೀತಿಯಿಂದ ತಾನೆ ಮಾಡಿದ್ದು? ಹೋಗು, ಹಾಲಿನವರಿಗೆ ಒಂದು ಟೀ ಮಾಡು."

"ನೀರು ಕಮ್ಮಿ ಹಾಕಮ್ಮ," ಎಂದ ಹಾಲಿನವನು, ಬಾಗಿಲಲ್ಲೇ ನಿಂತು. "ಹಾಲು ನಂದೇ, ಅದರಲ್ಲಿ ಮೊದಲೇ ಸ್ವಲ್ಪ ಇದೆ."

ಅಣ್ಣ ನಗಲಿಲ್ಲ. ಅತ್ತಿಗೆ ಸೆರಗು ಸಿಕ್ಕಿಸಿ, ಒಂದೊಂದನ್ನೇ ಎತ್ತಿ ಅದರ ಜಾಗಕ್ಕಿಡುತ್ತ ಗಟ್ಟಿಯಾಗಿ ಹೇಳಿಕೊಂಡಳು: "ಎಣ್ಣೆ ಡಬ್ಬ, ಕಿಟಕಿ ಪಕ್ಕಕ್ಕೆ. ಸ್ಪ್ಯಾನರ್, ಡಬ್ಬದ ಒತ್ತಿಗೆ. ಸುತ್ತಿಗೆ, ಪೆಟ್ಟಿಗೆಯ ಒತ್ತಿಗೆ."

"ಸುತ್ತಿಗೆ ಒತ್ತಿಗಲ್ಲ, ಪಕ್ಕಕ್ಕೆ," ಎಂದ ಅಣ್ಣ, ತಲೆ ಎತ್ತದೆ.

ಅತ್ತಿಗೆ ತಡೆದು ನಿಂತಳು. ಆಕೆ ನಿಜಕ್ಕೂ ಮರೆತಿದ್ದಳು. ಆ ನೆಲೆಗಳೆಲ್ಲ ತನ್ನ ತಲೆಯಲ್ಲಿವೆ ಎಂದು ಇಷ್ಟು ದಿನ ನಂಬಿಕೊಂಡಿದ್ದಳಲ್ಲ. ಅವು ಯಾವಾಗಲೋ ಅವನ ಪಾಲಿಗೆ ಹೋಗಿದ್ದವು.

"ಆಮೇಲೆ ಪಂಪು?" ಎಂದು ಕೇಳಿದಳು.

"ಬಾಗಿಲ ಒತ್ತಿಗೆ. ಗ್ರೀಸ್ ಅದರ ಪಕ್ಕಕ್ಕೆ. ಕೀ ಕೊಡಿಲ್ಲಿ, ನಾನೇ ಇಡ್ತೀನಿ." ಅಷ್ಟರಲ್ಲಿ ಅವನು ಎದ್ದು ನಿಂತಿದ್ದ. ಹೆಂಡತಿಯನ್ನು ಬಹುವಚನದಲ್ಲಿ ಕರೆದದ್ದು ಅವನಿಗೆ ಗೊತ್ತಾಗಲಿಲ್ಲ, ಆಕೆಗೆ ಗೊತ್ತಾಯಿತು.

ಚಕ್ರ ತಿರುಗಿತು. ಅಣ್ಣ ಹೆಬ್ಬೆರಳ ಉಗುರನ್ನು ರಿಮ್ಮಿನ ಅಂಚಿಗೆ ತಂದು ಕಿವಿಗೊಟ್ಟ. ಬೆಂಡಿದ್ದ ಕಡೆ ರಿಮ್ಮು ಉಗುರಿಗೆ ತಾಕಿ ಟಿಕ್ ಎಂದಿತು. ಆ ಜಾಗದಲ್ಲಿ ಈಚೆಯ ಕಡ್ಡಿ ಸಡಿಲಿಸಿದ, ಆಚೆಯದನ್ನು ಬಿಗಿದ, ಮತ್ತೆ ತಿರುಗಿಸಿದ. ಹಾಲಿನವನ ಟೀ ಆರಿಹೋಯಿತು. ಅವನು ಕುಡಿಯುವುದನ್ನೇ ಮರೆತಿದ್ದ. ಟಿಕ್ ಎಂಬುದು ಸಣ್ಣದಾಗುತ್ತ ಬಂದು ಕೊನೆಗೆ ನಿಂತಿತು. ಉಗುರಿಗೂ ರಿಮ್ಮಿಗೂ ನಡುವೆ ಕೂದಲೆಳೆಯಷ್ಟು ಜಾಗ; ಸುತ್ತ ಎಲ್ಲೆಡೆಯೂ ಅಷ್ಟೇ.

ಹಾಲಿನವನು ಬೀದಿಯ ಆ ತುದಿಯವರೆಗೆ ಸೈಕಲ್ ತುಳಿದು ಬಂದ. "ಅಣ್ಣ, ಸೈಕಲ್ಲೇ ಬದಲಾಯಿಸಿ ಕೊಟ್ಟಿಲ್ಲ ತಾನೆ?" ಎಂದು ಕೇಳಿ, ಕ್ಯಾನುಗಳನ್ನು ತಗುಲಿಸಿಕೊಂಡು ಹೊರಟ.

ನಾದಿನಿ ನೆಲದ ಮೇಲಿನ ಗುಂಡುಗಳನ್ನು ಹೆಕ್ಕುತ್ತಿದ್ದಳು. ಅತ್ತಿಗೆ ಕೇಳಿದಳು: "ದಿನಸಿಯವನಿಗೆ ಏನಂತ ಹೇಳ್ಲಿ?"

"ಗೋದಾಮಿಗೆ ಬೇರೆ ಜಾಗ ಹುಡುಕ್ಕೊಳ್ಳಿ ಅನ್ನು. ಇಲ್ಲೇ ಹತ್ರ ಎಲ್ಲಾದ್ರೂ ಸಿಗತ್ತೆ."

"ಹತ್ರ ಅಂದ್ರೆ ಎಷ್ಟು ಹತ್ರ?"

ಅಣ್ಣ ಕೀಯನ್ನು ಕಿಟಕಿಯ ಬಳಿ ಅದರ ಜಾಗಕ್ಕಿಟ್ಟು, ಬೆರಳಿಂದ ಒಮ್ಮೆ ಮುಟ್ಟಿ ನೋಡಿಕೊಂಡ.

"ಆಸುಪಾಸು," ಎಂದ. "ಅವನೇ ಎದ್ದು ಹೋಗ್ಬೇಕಾಗತ್ತೆ."