ನಮ್ಮ ಜಗಲಿ ಬೀದಿಗೆ ಸೇರಿದ್ದು

ಬರವಣಿಗೆಯಲ್ಲಿ ನನ್ನ ಕೈ ಪಳಗಿಲ್ಲ. ನಮ್ಮ ಮನೆಯಲ್ಲಿ ಪದವಿಯವರೆಗೆ ಓದಿದವಳು ನಾನೊಬ್ಬಳೇ. ಆದ್ದರಿಂದ ಒಂದು ವಾಕ್ಯ ಬರೆದ ಮೇಲೆ ಅದು ಸರಿಯೇ ಎಂದು ಕೇಳಲು ಮನೆಯೊಳಗೆ ಯಾರೂ ಇಲ್ಲ. ಇಲ್ಲಿ ಹೆಚ್ಚುಕಡಿಮೆ ಏನಾದರೂ ಕಂಡರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.

ಕುಂದಾಪುರ ಪೇಟೆ ಮುಗಿದು, ರಸ್ತೆ ಕಿರಿದಾಗಿ ಹೊಳೆಯ ಕಡೆಗೆ ತಿರುಗುವಲ್ಲಿ ನಮ್ಮೂರಿನ ಹಳೆಯ ಅಂಗಡಿಬೀದಿಯಿದೆ. ಸೇತುವೆ ಆಗುವ ಮೊದಲು ದೋಣಿ ಇಳಿದವರೆಲ್ಲ ಈ ಬೀದಿಯಿಂದಲೇ ಪೇಟೆಗೆ ಹೋಗುತ್ತಿದ್ದರಂತೆ. ಮನೆಗಳೆಲ್ಲ ಒಂದಕ್ಕೊಂದು ತಾಗಿಕೊಂಡಿವೆ. ಅವುಗಳ ಕೆಂಪು ಗಾರೆಯ ಜಗಲಿಗಳೂ ಹಿಂದೆ ಒಂದಕ್ಕೊಂದು ಸೇರಿ, ದೋಣಿ ನಿಲ್ಲುವ ಕಡವಿನಿಂದ ಅರಳಿಕಟ್ಟೆಯವರೆಗೆ ನೆರಳಿನ ದಾರಿಯೊಂದು ಇತ್ತೆಂದು ಹಿರಿಯರು ಹೇಳುತ್ತಿದ್ದರು. ನಾನು ಅದನ್ನು ಕಂಡವಳಲ್ಲ. ನಾನು ಹುಟ್ಟುವ ಹೊತ್ತಿಗೆ ಎಲ್ಲರೂ ತಂತಮ್ಮ ಜಗಲಿಗೆ ಗೋಡೆ ಎತ್ತಿ ಕೋಣೆ ಮಾಡಿಕೊಂಡಿದ್ದರು. ಆದರೂ ಮಧ್ಯಾಹ್ನದ ನಿದ್ದೆಯ ಅಂಚಿನಲ್ಲಿ ನಾನು ಎಷ್ಟೋ ಸಲ ಆ ದಾರಿಯಲ್ಲಿ ನಡೆದಿದ್ದೇನೆ. ಕಾಲಡಿಗೆ ಗಾರೆ ತಣ್ಣಗಿರುತ್ತಿತ್ತು. ಕಂಬಗಳು ಒಂದೊಂದಾಗಿ ಹಿಂದಕ್ಕೆ ಸರಿಯುತ್ತಿದ್ದವು. ತುದಿಯಲ್ಲಿ ಬಿಸಿಲಿಗೆ ನೀರು ಬೆಳ್ಳಗೆ ಕಾಣುತ್ತಿತ್ತು. ಎಷ್ಟು ನಡೆದರೂ ಹತ್ತಿರವಾಗುತ್ತಿರಲಿಲ್ಲ.

ನಮ್ಮ ಜಗಲಿಯ ಕೋಣೆಯಲ್ಲಿ ಅಪ್ಪಯ್ಯನ ಹೊಲಿಗೆ ಮೆಷಿನ್ ಇತ್ತು. ರೆಡಿಮೇಡ್ ಬಟ್ಟೆ ಬಂದ ಮೇಲೆ ಹೊಲಿಸುವವರು ಕಡಿಮೆಯಾಗಿದ್ದರು. ಉಳಿದವರಿಗೆ ಬೀದಿಯ ಕಡೆಗಿದ್ದ ಒಂದೇ ಕಿಟಕಿ ಗುರುತು. ಹೀಗಿರುವಾಗ ಪಂಚಾಯತಿಯವರು ಹಳೆಯ ಬೀದಿಗೆ ಮತ್ತೆ ಜೀವ ತುಂಬಲು ಹೊರಟರು. ಒಡೆದ ಹಂಚು ಬದಲಿಸಿ, ಕಟ್ಟೆಯನ್ನು ಸರಿಪಡಿಸಿ, ಅಡ್ಡಗೋಡೆಗಳನ್ನು ತೆಗೆದು ಜಗಲಿಗಳನ್ನು ಮೊದಲಿನಂತೆ ಒಂದಾಗಿಸುವುದೆಂದು ಮಾತಾಯಿತು. ಪೇಟೆಯ ಜನ ಸಂಜೆ ಹೊಳೆ ನೋಡಲು ಬರುವರೆಂಬ ಆಸೆ ಎಲ್ಲರಿಗೂ ಇತ್ತು. ಅಪ್ಪಯ್ಯನಿಗೆ ಮಾತ್ರ ಗೋಡೆಯೊಂದಿಗೆ ಕೆಲಸವೂ ಹೋಗುವುದೆಂಬ ಭಯ. ನಾಲ್ಕು ಜನ ನಡೆದಾಡುವಲ್ಲಿ ಊರವರ ಬಟ್ಟೆ ಹರಡಿಕೊಂಡು ಕೂರುವುದು ಹೇಗೆ? ಮನೆಯೊಳಗೆ ಬೆಳಕಿಲ್ಲ.

“ಓದ್ದಳ್ ನೀನೇ ಅಲ್ದಾ? ನೀನೇ ಹೋಯಿ ಹೇಳ್. ನಾ ಬಾಯಿ ತೆಗುದ್ರೆ ಜಗಳವೇ ಆತ್ತ್,” ಎಂದು ಸಭೆಗೆ ನನ್ನನ್ನು ಕಳಿಸಿದರು. ನಾನು ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡು ಹೋಗಿ, “ಮಾನ್ಯರೇ” ಎಂದು ಆರಂಭಿಸಿ, ಅಪ್ಪಯ್ಯನ ಕಷ್ಟವನ್ನು ವಿವರಿಸಿದೆ. ಸದಸ್ಯರೊಬ್ಬರು ನಕ್ಕು, ಮನೆಮಗಳನ್ನು ಕರೆಯುವಂತೆ, “ಹೆಣೆ, ಇಷ್ಟ್ ದೊಡ್ಡ್ ಭಾಷಣ ಎಂತಕ್ಕೆ? ನಿಮ್ಮನಿ ಗೋಡಿ ಇರ್ಲಿ, ಬೇಡ ಅಂದರ್ ಯಾರ್?” ಎಂದರು.

ಬೇಸಿಗೆ ಮುಗಿಯುವುದರೊಳಗೆ ಉಳಿದ ಗೋಡೆಗಳೆಲ್ಲ ಹೋದವು. ನಿದ್ದೆಯಲ್ಲಿ ಕಂಡ ದಾರಿಯಲ್ಲಿ ನಾನು ಎಚ್ಚರವಾಗಿಯೇ ನಡೆದೆ. ಅದೇ ತಣ್ಣನೆಯ ಗಾರೆ, ಅವೇ ಕಂಬಗಳು. ಎದುರಿಗೆ ಮಾತ್ರ ನಮ್ಮ ಗೋಡೆ. ಜಗಲಿಗಳು ಬೀದಿಗಿಂತ ಎತ್ತರವಾದ್ದರಿಂದ ಅಲ್ಲಿ ಎಲ್ಲರೂ ಇಳಿದು, ಬಳಸಿ, ಮತ್ತೆ ಹತ್ತಬೇಕಿತ್ತು. ನೆರೆಮನೆಯ ಅಜ್ಜಿಗೆ ಮೊಣಕಾಲು ನೋವು. ದಿನವೂ ಕಟ್ಟೆಗೆ ಹೂವಿಡಲು ಹೋಗುತ್ತಿದ್ದ ಅವರು ನಮ್ಮ ಕಿಟಕಿಯೆದುರು ನಿಂತು ಕೂಗಿದರು:

“ಹ್ವಾಯ್, ನಿಮ್ಮನಿ ದಾಂಟುದಂದ್ರೆ ಹೊಳಿ ದಾಂಟ್ದಂಗೇ. ಒಂದ್ ದೋಣಿಯಾರೂ ಇಡಿ ಕಾಂಬ.”

ಅಪ್ಪಯ್ಯ ಎದ್ದು ಹೋಗಿ ಕೈ ಕೊಟ್ಟು ಇಳಿಸಿದರು, ಆಚೆ ಹತ್ತಿಸಿದರು. ಮರುದಿನವೂ ಹಾಗೆಯೇ. “ಬಂದ್ರ್ ಕಾಣಿ ದೋಣಿಯವ್ರ್,” ಎಂದು ಅಜ್ಜಿ ನಗುವರು. ಒಳಗಿನಿಂದ ಅಮ್ಮನೂ ನಗುವರು. ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಅಪ್ಪಯ್ಯ, “ದಿನಾ ಹೀಂಗೆ ಏಳುದಕ್ಕಿಂತ ಗೋಡಿ ತೆಗುದೇ ಲಾಯ್ಕ್,” ಎಂದು ಮೇಸ್ತ್ರಿಗೆ ಹೇಳಿ ಕಳಿಸಿದರು. ಮುಖದಲ್ಲಿ ನಗುವಿರಲಿಲ್ಲ.

ಮೆಷಿನ್ ಒಳಕೋಣೆ ಸೇರಿತು. ಹಗಲಲ್ಲೂ ದೀಪ ಬೇಕಾಯಿತು. ಗಿರಾಕಿಗಳು ಕಿಟಕಿ ಕಾಣದೆ, ಕೆಲಸ ನಿಲ್ಲಿಸಿರಬೇಕೆಂದುಕೊಂಡು ಮುಂದೆ ಹೋಗುತ್ತಿದ್ದರು. ಅಪ್ಪಯ್ಯ ಕೈಕಟ್ಟಿ ಕೂರುವುದನ್ನು ನಾನು ಆಗಲೇ ಮೊದಲು ಕಂಡದ್ದು.

ಅಮ್ಮ ಕೆರಾಡಿಯಿಂದ ಮದುವೆಯಾಗಿ ಬಂದವರು. ಅಲ್ಲಿ ಜಗಲಿ ಹತ್ತಿದವರು ಯಾರೇ ಆಗಲಿ, ಬೆಲ್ಲ ನೀರು ಕೊಡದೆ ಕಳಿಸುವ ಕ್ರಮವಿಲ್ಲ. ಜಗಲಿ ಈಗ ಎಲ್ಲರ ದಾರಿಯೆಂಬುದು ಅವರ ಮನಸ್ಸಿಗೆ ಇಳಿಯಲೇ ಇಲ್ಲ. ಹೊಳೆ ನೋಡಲು ಹೊರಟ ಅಪರಿಚಿತರನ್ನೆಲ್ಲ, “ಬನಿ, ಕೂಕಣಿ. ಆಸ್ರಿಗ್ ಎಂತ ಬೇಕ್?” ಎಂದು, ಕುಡಿಯಲು ಏನಾಗಬೇಕೆಂದು ಕೇಳುವರು.

“ಅಮ್ಮ, ಅವ್ರ್ ದಾರಿಯಂಗ್ ಹೋಪರ್,” ಎಂದೆ.

“ದಾರಿ ಆದ್ರೆ ಎಂತ? ಜಗ್ಲಿ ನಮ್ದೇ ಅಲ್ದಾ? ಹತ್ತಿ ಬಂದರ್ನ ಒಣ ಗಂಟ್ಲಂಗೆ ಕಳ್ಸೂಕಾತ್ತಾ?”

ಒಂದು ಸಂಜೆ ಪೇಟೆಯ ಕಡೆಯ ಗಂಡ ಹೆಂಡತಿ ಹೀಗೆಯೇ ಕೂತರು. ಗಂಡಸು ಕಾಲು ಚಾಚಿ, “ಎರಡ್ ಚಾ, ಒಂದ್ ಪ್ಲೇಟ್ ಗೋಳಿಬಜೆ,” ಎಂದರು. ಅಮ್ಮ, “ಗೋಳಿಬಜೆ ಮಾಡ್ಲಿಲ್ಲೆ ಮಾರಾಯ್ರೆ. ಅವಲಕ್ಕಿ ಕಲ್ಸಿ ಕೊಡ್ಲಾ?” ಎಂದು ಒಳಗೆ ಹೋದರು. ತಿಂದು ಮುಗಿಸಿ ಅವರು ಬಿಲ್ ಕೇಳಿದಾಗ ಅಮ್ಮ ಮೆಲ್ಲಗೆ, “ಇದ್ ಹೋಟ್ಲ್ ಅಲ್ದೇ, ನಮ್ಮನಿ,” ಎಂದರು. ಇಬ್ಬರೂ ನಾಚಿ ಎದ್ದು ನಿಂತರು. ಹೆಂಗಸಿನ ಹೆಗಲ ಚೀಲದ ಪಟ್ಟಿ ಹರಿದಿತ್ತು. ಗಂಟು ಹಾಕಿ ಇಟ್ಟುಕೊಂಡಿದ್ದರು. ಬಾಗಿಲಲ್ಲಿ ನಿಂತ ಅಪ್ಪಯ್ಯನ ಕಣ್ಣು ಆ ಗಂಟಿನ ಮೇಲೆಯೇ ಇತ್ತು.

“ಹಾಂಗೆ ಕಟ್ಟಿರೆ ನಿಲ್ಲುದಿಲ್ಲೆ. ಕೊಡಿ ಇಲ್ಲಿ.”

ಬೆಳಕಿಗೆಂದು ಅಪ್ಪಯ್ಯನೂ ನಾನೂ ಹಿಡಿದು ಮೆಷಿನನ್ನು ಜಗಲಿಗೆ ತಂದೆವು. ಮುಳುಗುವ ಹೊತ್ತಿನ ಬಿಸಿಲು ಕಂಬಗಳ ನಡುವೆ ಹಳದಿ ಸೀರೆಗಳನ್ನು ಹಾಸಿದಂತೆ ಬಿದ್ದಿತ್ತು. ದಾರಿ ನಡೆಯುವವರು ಅದರ ಮೇಲೆ ಕಾಲಿಡುತ್ತ, ಒಮ್ಮೆ ಬೆಳಗಿ ಒಮ್ಮೆ ಮಬ್ಬಾಗಿ, ನೀರಿನೊಳಗೆ ಚಲಿಸುವವರಂತೆ ಹತ್ತಿರ ಬಂದರು. ಮೆಷಿನಿನ ಸದ್ದು ಒಂದೇ ಹದದಲ್ಲಿ ಬೀದಿಯುದ್ದಕ್ಕೂ ಹೋಯಿತು. ಕೆಲವರು ನಿಂತು ನೋಡಿದರು.

“ಪ್ಯಾಂಟಿನ ಉದ್ದ ಕಮ್ಮಿ ಮಾಡಿ ಕೊಡ್ತ್ರಿಯಾ? ನಾಳೆ ತತ್ತೆ,” ಎಂದು ಯಾರೋ ಕೇಳಿದರು.

“ತನ್ನಿ, ಕಾಂಬ,” ಎಂದರು ಅಪ್ಪಯ್ಯ, ತಲೆಯೆತ್ತದೆ.

ಅನಂತರ ನಮ್ಮ ಮನೆಯಲ್ಲಿ ಬದಲಾದದ್ದು ಇಷ್ಟು. ಮೆಷಿನ್ ಹಗಲೆಲ್ಲ ಜಗಲಿಯಲ್ಲಿರುತ್ತದೆ, ಕತ್ತಲಾದ ಮೇಲೆ ಒಳಗೆ ಬರುತ್ತದೆ. ಹೊಸ ಬಟ್ಟೆ ಹೊಲಿಸುವವರು ಈಗಲೂ ಕಡಿಮೆಯೇ. ಆದರೆ ಚೀಲ, ಜಿಪ್, ಅಳತೆ ತಪ್ಪಿದ ಅಂಗಿಗಳ ಕೆಲಸ ಅಪ್ಪಯ್ಯನಿಗೆ ಸಾಕಷ್ಟಿದೆ. ಅಮ್ಮ ಸಂಜೆಗೆ ಒಂದಿಷ್ಟು ಹೆಚ್ಚು ಹಾಲು ತರಿಸುತ್ತಾರೆ, ಯಾರಿಂದಲೂ ಹಣ ಪಡೆಯುವುದಿಲ್ಲ. ನಾನು ಬ್ರಹ್ಮಾವರದಲ್ಲಿ ಕೆಲಸಕ್ಕೆ ಸೇರಿ, ಮನೆಯಿಂದಲೇ ಹೋಗಿಬರುತ್ತಿದ್ದೇನೆ.